ಸೋಪಿಲ್ಲದೆ ನಿಲ್ಲುವ ಲೋಹ

(ಮಾತಾಡುತ್ತಿರುವ ಇಬ್ಬರಲ್ಲಿ ಒಬ್ಬರು ಭದ್ರಾವತಿಯ ಎಂ.ಪಿ.ಎಂ.ನಲ್ಲಿ, ಅಂದರೆ 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ, ಪೇಪರ್ ಮಶೀನಿನ ವೆಟ್ ಎಂಡಿನಲ್ಲಿ, ಅಂದರೆ ಪಲ್ಪು ಹಾಳೆಯಾಗುವ ತುದಿಯಲ್ಲಿ, ದುಡಿದು ನಿವೃತ್ತರಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು, ಶಂಕರಘಟ್ಟದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿರುವವಳು. ಜಾಗ ಕಾಗದನಗರದ ಒಂದು ಮನೆ.)

ದೊಡ್ಡಪ್ಪ: ನಿನ್ನ ಥೀಸಿಸ್ಸಿನ ತಲೆಬರಹದಲ್ಲಿ ನಂಗೆ ಗೊತ್ತಾಗಿದ್ದು ಒಂದೇ ಪದ ಕಣೇ. ಸರ್ಫ್ಯಾಕ್ಟೆಂಟ್. ಅಂದ್ರೆ ಸೋಪೇ ತಾನೆ? ಸೋಪಿಲ್ಲದೆ ಮಾಡ್ತೀನಿ ಅಂತ ಬರ್ದಿದೀಯ. ಏನನ್ನ?

ಮಗಳು: ಪ್ಲಾಟಿನಂ ಕಣ, ದೊಡ್ಡಪ್ಪ. ಎರಡು ನ್ಯಾನೋಮೀಟರಿನದ್ದು. ನಿಮ್ಮ ಬರೆಯೋ ಕಾಗದದ ಹಾಳೆ ಎಷ್ಟು ದಪ್ಪ ಇರ್ತಿತ್ತು?

ದೊಡ್ಡಪ್ಪ: ಅರವತ್ತು ಜಿ.ಎಸ್.ಎಂ. ಆದ್ರೆ 80 ಮೈಕ್ರಾನ್ ಹಿಡ್ಕೋ.

ಮಗಳು: ಆ ದಪ್ಪದಲ್ಲಿ ನನ್ನ ಕಣಗಳನ್ನ ಒಂದರ ಮೇಲೊಂದು ಇಟ್ರೆ 40,000 ಹಿಡಿಯತ್ತೆ.

ದೊಡ್ಡಪ್ಪ: ಅಷ್ಟು ಸಣ್ಣದು ಯಾಕೆ ಬೇಕು? ಪ್ಲಾಟಿನಂ ಅಂದ್ರೆ ಚಿನ್ನದಂಗಡಿಯ ಮಾಲು. ಕಣ್ಣಿಗೆ ಕಾಣೋ ಹಾಗಾದ್ರೂ ಇರಬಾರ್ದಾ?

ಮಗಳು: ಚಿನ್ನದಂಗಡಿಯ ಮಾಲು ಅನ್ನೋದಕ್ಕೇ ಸಣ್ಣದು ಬೇಕು. ಇದು ಕ್ಯಾಟಲಿಸ್ಟು, ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸೋ ವಸ್ತು. ಆ ಕ್ರಿಯೆ ನಡೆಯೋದು ಮೇಲ್ಮೈಯಲ್ಲಿ ಮಾತ್ರ. ಒಳಗಡೆ ಸಿಕ್ಕಿಕೊಂಡ ಪರಮಾಣುವಿಗೆ ದುಡ್ಡು ಕೊಟ್ಟಿರ್ತೀವಿ, ಕೆಲಸ ಮಾತ್ರ ಸೊನ್ನೆ. 55 ಪರಮಾಣು ಗುಂಪಾಗಿ ಕೂತ್ರೆ 42 ಹೊರಗಡೆ ಇರ್ತವೆ. 147 ಕೂತ್ರೆ 92. 561 ಆದ್ರೆ 252, ಅಂದ್ರೆ ಅರ್ಧಕ್ಕಿಂತ ಕಮ್ಮಿ. ಹತ್ತು ನ್ಯಾನೋಮೀಟರಿಗೆ ಹೋಗೋ ಹೊತ್ತಿಗೆ ನೂರಕ್ಕೆ ಹತ್ತೇ ಪರಮಾಣು ದುಡಿಯೋದು. ಮಿಕ್ಕ ತೊಂಬತ್ತೂ ಒಳಗೆ ಕೂತು ಸಂಬಳ ಎಣಿಸ್ತವೆ.

ದೊಡ್ಡಪ್ಪ: ಹ್ಞೂಂ, ಅಂಥವ್ರನ್ನ ನಾನೂ ಕಂಡಿದೀನಿ. ಸರಿ, ಸೋಪಿನ ವಿಷಯಕ್ಕೆ ಬಾ.

ಮಗಳು: ಅಷ್ಟು ಸಣ್ಣ ಕಣಗಳನ್ನ ನೀರಲ್ಲಿ ಅವುಗಳ ಪಾಡಿಗೆ ಬಿಟ್ರೆ ಒಂದಕ್ಕೊಂದು ಅಂಟಿ ದೊಡ್ಡದಾಗ್ತವೆ. ಹಾಗಾಗದ ಹಾಗೆ ಪ್ರತಿಯೊಂದರ ಮೈಗೂ ಸೋಪಿನಂಥದ್ದೋ ಪಾಲಿಮರ್ರೋ ಸುತ್ತಿಬಿಡ್ತಾರೆ. ಪಿ.ವಿ.ಪಿ., ಸಿ.ಟಿ.ಎ.ಬಿ. ಅಂತ ಬಾಟಲಿಗಳು ಎಲ್ಲಾ ಲ್ಯಾಬಲ್ಲೂ ಇವೆ. ಕಣ ಒಂದೇ ಅಳತೆಗೆ ಬರತ್ತೆ, ಚಚ್ಚೌಕ ಬೇಕೋ ಕಡ್ಡಿ ಬೇಕೋ ಆಕಾರಾನೂ ಬರತ್ತೆ, ಮೈಕ್ರೋಸ್ಕೋಪಲ್ಲಿ ತೆಗೆದ ಪಟ ಪತ್ರಿಕೆಯ ಮುಖಪುಟಕ್ಕೇ ಹೋಗೋ ಹಾಗಿರತ್ತೆ. ಆದ್ರೆ ಯಾವ ಮೇಲ್ಮೈಗೋಸ್ಕರ ಇಷ್ಟೆಲ್ಲಾ ಪಾಡುಪಟ್ಟೆವೋ ಅದೇ ಮುಚ್ಚಿಹೋಗಿರತ್ತೆ.

ದೊಡ್ಡಪ್ಪ: ತೊಳೀರಿ.

ಮಗಳು: ಪೂರ್ತಿ ಹೋಗಲ್ಲ. ಲೋಹಕ್ಕೆ ಬಿಗಿಯಾಗಿ ಹಿಡ್ಕೊಂಡಿರತ್ತೆ. ತೊಳೆದೂ ತೊಳೆದೂ ತೆಗೆದ್ರೆ ಕಣಗಳು ಬೆತ್ತಲಾಗಿ ಮತ್ತೆ ಅಂಟಿಕೊಳ್ತವೆ.

ದೊಡ್ಡಪ್ಪ: ಸುಡಿ.

ಮಗಳು: ಸುಡ್ತಾರೆ. ಪಿ.ವಿ.ಪಿ. ಹೋಗಬೇಕಂದ್ರೆ 300 ಡಿಗ್ರಿಯ ಆಸುಪಾಸಿಗೆ ಕಾಯಿಸಬೇಕು. ಅಷ್ಟು ಹೊತ್ತಿಗೆ ಎರಡು ನ್ಯಾನೋಮೀಟರಿನ ಕಣಗಳು ಕರಗಿದ ಹಾಗಾಗಿ ಒಂದರೊಳಗೊಂದು ಸೇರಿ ಐದಾಗಿರತ್ತೆ, ಎಂಟಾಗಿರತ್ತೆ. ಕೆಲವು ಸಲ ಸುಟ್ಟ ಮಸಿಯೇ ಮೇಲೆ ಕೂರತ್ತೆ.

ದೊಡ್ಡಪ್ಪ: ಹಾಗಾದ್ರೆ ಮೊದಲೇ ಹಾಕಬಾರ್ದು. ಇದಕ್ಕೆ ಥೀಸಿಸ್ ಬೇಕಾ? ನೋಡು, ಡಾಲ್ಡಾ ಮಾಡೋಕೆ ಎಣ್ಣೆಗೆ ನಿಕ್ಕಲ್ ಹಾಕ್ತಾರೆ ಅಂತ ನಾವು ಹೈಸ್ಕೂಲಲ್ಲೇ ಓದಿದ್ವಿ. ಆ ನಿಕ್ಕಲ್ಲಿಗೆ ಯಾರು ಸೋಪು ಹಾಕಿದ್ರು?

ಮಗಳು: ಯಾರೂ ಹಾಕಲಿಲ್ಲ! ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ಸಾಬಾತಿಯೇ ಅನ್ನೋ ರಸಾಯನಶಾಸ್ತ್ರಜ್ಞರಿಗೆ ನಿಕ್ಕಲ್ ಕೆಲಸಕ್ಕೆ 1912ರಲ್ಲೇ ನೊಬೆಲ್ ಬಂದಿತ್ತು. ವನಸ್ಪತಿ ಕಾರ್ಖಾನೆಯವರು ಒಂದು ಥರದ ಬಿಳೀ ಮಣ್ಣಿನ ಮೇಲೆ ನಿಕ್ಕಲ್ ಕೂರಿಸಿ ಎಣ್ಣೆಗೆ ಹಾಕ್ತಿದ್ರು. ಮೆಥನಾಲ್ ಮಾಡೋ ತಾಮ್ರ, ಗೊಬ್ಬರದ ಕಾರ್ಖಾನೆಯ ಕಬ್ಬಿಣ, ಕಾರಿನ ಹೊಗೆ ಕೊಳವೆಯ ಪ್ಲಾಟಿನಂ, ಯಾವುದಕ್ಕೂ ಸೋಪಿಲ್ಲ. ಲೋಹದ ಉಪ್ಪನ್ನ ನೀರಲ್ಲಿ ಕದಡಿ, ಪುಡಿಗೆ ಕುಡಿಸಿ, ಒಣಗಿಸಿ, ಸುಟ್ಟು, ಹೈಡ್ರೋಜನ್ ಹಾಯಿಸಿದ್ರೆ ಆಯ್ತು. ಸೋಪು ಬಂದಿದ್ದು ಆಮೇಲೆ, ನ್ಯಾನೋ ಅನ್ನೋ ಹೆಸರು ಜೋರಾದ ಕಾಲದಲ್ಲಿ, ನಮ್ಮಂಥ ಲ್ಯಾಬುಗಳಿಗೆ. ಈಗ ಅದೇ ಲ್ಯಾಬಿನವರು ಸೋಪು ಬಿಟ್ಟಿದ್ದನ್ನೇ ದೊಡ್ಡ ಸುದ್ದಿ ಮಾಡ್ತಿದೀವಿ.

ದೊಡ್ಡಪ್ಪ: ಅಯ್ಯೋ. ಇದನ್ನ ನಿಮ್ಮ ಗೈಡಿಗೆ ಹೇಳಿದೀಯಾ?

ಮಗಳು: ಪೀಠಿಕೆಯಲ್ಲಿ ನಯವಾಗಿ ಬರೆದಿದೀನಿ. ಆದ್ರೂ ಸುದ್ದಿ ಪೂರ್ತಿ ಸುಳ್ಳಲ್ಲ ದೊಡ್ಡಪ್ಪ. ಕುಡಿಸಿ ಒಣಗಿಸೋ ಹಳೇ ದಾರಿಯಲ್ಲಿ ಒಂದು ತೊಂದರೆ ಇದೆ. ನೀರು ಆರೋವಾಗ ಉಪ್ಪು ತನ್ನಿಷ್ಟ ಬಂದ ಕಡೆ ಹೋಗಿ ಗುಡ್ಡೆ ಬೀಳತ್ತೆ. ಒಂದು ಕಡೆ ಒಂದು ನ್ಯಾನೋಮೀಟರ್, ಪಕ್ಕದಲ್ಲೇ ಇಪ್ಪತ್ತು. ಲೋಹ ಪುಡಿಯ ಮೇಲಿದೆ, ಆದ್ರೆ ಪುಡಿ ಅದನ್ನ ಹಿಡ್ಕೊಂಡಿಲ್ಲ, ಸುಮ್ನೆ ಬಿದ್ದಿದೆ. ನಮಗೆ ಎರಡೂ ಬೇಕು. ಸೋಪು ಇರಬಾರ್ದು, ಸೋಪು ಕೊಡ್ತಿದ್ದ ಅಳತೆ ಇರಬೇಕು.

ದೊಡ್ಡಪ್ಪ: ನೀರಲ್ಲಿರೋವಾಗ್ಲೇ ಹಿಡಿಸಬೇಕು.

ಮಗಳು: ಏನಂದ್ರಿ?

ದೊಡ್ಡಪ್ಪ: ಒಣಗಿಸೋ ತನಕ ಬಿಟ್ರೆ ಕೆಟ್ಟಿತು ಅಂದೆ. ನೀರಲ್ಲಿ ಇರೋವಾಗ್ಲೇ ನಾರಿಗೆ ಹಿಡಿಸಬೇಕು. ಇದು ನಮ್ಮ ದಿನಾ ಕೆಲಸ ಕಣೇ. ನ್ಯೂಸ್‌ಪ್ರಿಂಟಿನ ಮಾತು ಬಿಡು, ಅದಕ್ಕೆ ಸೈಜಿಂಗ್ ಇಲ್ಲ, ಇಂಕು ಹೀರಿದ್ರೇ ಒಳ್ಳೇದು. ಬರೆಯೋ ಕಾಗದಕ್ಕೆ ಮಾತ್ರ ರೋಸಿನ್ ಹಾಕಬೇಕು, ಇಲ್ಲಾಂದ್ರೆ ಶಾಯಿ ಹರಡತ್ತೆ. ರೋಸಿನ್ ಅಂದ್ರೆ ಪೈನ್ ಮರದ ರಾಳ, ಅದನ್ನ ಸೋಡಾದಲ್ಲಿ ಬೇಯಿಸಿ ಸೋಪು ಮಾಡಿರ್ತೀವಿ. ಪಲ್ಪಿಗೆ ಬರೀ ಅದನ್ನ ಹಾಕಿದ್ರೆ ನೀರು ಸೋಸೋ ವೈರಿನ ಜಾಲರಿಯ ಮೇಲೆ ನೀರಿನ ಜೊತೆ ಸೀದಾ ಕೆಳಗೆ. ಯಾಕೆ? ನಾರೂ ಋಣ, ರೋಸಿನ್ನೂ ಋಣ. ಒಂದನ್ನೊಂದು ದೂಡ್ತವೆ. ನಡುವೆ ಆಲಂ ಬೀಳಬೇಕು, ಪಟಿಕ. ಅಲ್ಯೂಮಿನಿಯಂ ಧನ. ಅದು ಎರಡರ ಕೈಯನ್ನೂ ಹಿಡಿಯತ್ತೆ. ಪಿ.ಎಚ್. ನಾಲ್ಕೂವರೆಯಿಂದ ಐದೂವರೆ ಒಳಗೆ ಇದ್ರೆ ಮಾತ್ರ. ಅತ್ತಿತ್ತ ಹೋಯ್ತೋ, ಟನ್‌ಗಟ್ಟಲೆ ಕಾಗದ ಹಾಳು.

ಮಗಳು: ದೊಡ್ಡಪ್ಪ, ನನ್ನ ಮೂರನೇ ಅಧ್ಯಾಯ ಇದೇ.

ದೊಡ್ಡಪ್ಪ: ರೋಸಿನ್ನಾ?

ಮಗಳು: ವಿದ್ಯುದಂಶ. ಸಿಲಿಕಾ ಅಂತ ಒಂದು ಪುಡಿ ಇದೆಯಲ್ಲ, ಮರಳಿನದೇ ವಸ್ತು. ಅದನ್ನ ನೀರಿಗೆ ಹಾಕಿದ್ರೆ ಮೈ ಮೇಲೆಲ್ಲಾ ಆಮ್ಲಜನಕ-ಜಲಜನಕದ ಜೋಡಿಗಳು. ಪಿ.ಎಚ್. ಏರಿಸಿದ್ರೆ ಜಲಜನಕ ಬಿಟ್ಟುಹೋಗತ್ತೆ, ಮೈ ಋಣ ಆಗತ್ತೆ. ಇಳಿಸಿದ್ರೆ ಒಂದು ಜಲಜನಕ ಹೆಚ್ಚಿಗೆ ಬಂದು ಕೂತು ಧನ ಆಗತ್ತೆ. ಎರಡೂ ಅಲ್ಲದ ಒಂದು ಪಿ.ಎಚ್. ನಡುವೆ ಇರತ್ತೆ. ಸಿಲಿಕಾಕ್ಕೆ ಅದು ನಾಲ್ಕು ಅಥವಾ ಇನ್ನೂ ಕೆಳಗೆ, ಅಲ್ಯೂಮಿನಾಕ್ಕೆ ಎಂಟರ ಮೇಲೆ. ಈಗ ಸಿಲಿಕಾದ ಪಿ.ಎಚ್. ಹತ್ತರ ಮೇಲೆ ಒಯ್ದು, ಪ್ಲಾಟಿನಂಗೆ ನಾಲ್ಕು ಅಮೋನಿಯಾ ಕಟ್ಟಿ ಧನ ಅಯಾನು ಮಾಡಿ ಬಿಟ್ರೆ, ಒಂದೊಂದೂ ಹೋಗಿ ಮೈಗೆ ಅಂಟತ್ತೆ. ಅಯಾನು ಅಯಾನುಗಳೂ ಒಂದನ್ನೊಂದು ದೂಡೋದ್ರಿಂದ ಗುಡ್ಡೆ ಬೀಳಲ್ಲ, ಒಂದೇ ಪದರವಾಗಿ ಹರಡ್ಕೊಳ್ತವೆ. ಸೋಸಿ, ಒಣಗಿಸಿ, ಹೈಡ್ರೋಜನ್ನಲ್ಲಿ ನಿಧಾನ ಕಾಯಿಸಿದ್ರೆ ಒಂದೆರಡು ನ್ಯಾನೋಮೀಟರಿನ ಕಣಗಳು, ಬೆತ್ತಲೆ. ಅಲ್ಯೂಮಿನಾ ಆದ್ರೆ ಉಲ್ಟಾ, ಕೆಳಗಿನ ಪಿ.ಎಚ್.ನಲ್ಲಿ ಪ್ಲಾಟಿನಂ ಕ್ಲೋರೈಡಿನ ಋಣ ಅಯಾನು. ಅಮೆರಿಕದ ಜಾನ್ ರೆಗಲ್‌ಬುಟೊ ಇದನ್ನ ವರ್ಷಗಟ್ಟಲೆ ಕೂತು ಲೆಕ್ಕಕ್ಕೆ ತಂದ್ರು.

ದೊಡ್ಡಪ್ಪ: ಸೋಪು ಮಾಡ್ತಿದ್ದ ಕೆಲಸವನ್ನ ಪುಡಿಯ ಮೇಲೆ ಹೊರಿಸಿದ್ರಿ ಅನ್ನು. ಬಿಟ್ಟಿ ಏನೂ ಸಿಗಲಿಲ್ಲ.

ಮಗಳು: ಬಿಟ್ಟಿ ಸಿಗಲಿಲ್ಲ. ಪುಡಿ, ಪಿ.ಎಚ್., ನೀರಲ್ಲಿರೋ ಉಪ್ಪು, ಎಲ್ಲದಕ್ಕೂ ಕಾವಲು ಕೂರಬೇಕು.

ದೊಡ್ಡಪ್ಪ: ಪಿ.ಎಚ್. ಎಲ್ಲಿ ನೋಡ್ತೀಯ?

ಮಗಳು: ಎಲ್ಲಿ ಅಂದ್ರೆ?

ದೊಡ್ಡಪ್ಪ: ಹಾಕೋ ಕಡೆಯೋ, ಹಾಕಿದ ಮೇಲೋ? ಹೊಸದಾಗಿ ಸೇರಿದ ಹುಡುಗರು ಆಲಂ ಡೋಸಿಂಗ್ ಹತ್ರ ಪಿ.ಎಚ್. ಪೇಪರ್ ಅದ್ದಿ ಸರಿ ಇದೆ ಸಾರ್ ಅಂತಿದ್ರು. ಅಲ್ಲಿ ಸರಿ ಇದ್ದು ಏನುಪಯೋಗ? ಪಲ್ಪನ್ನ ವೈರಿನ ಮೇಲೆ ಬಿಡೋ ಹೆಡ್‌ಬಾಕ್ಸಿಗೆ ಬರೋವಾಗ ಎಷ್ಟಿದೆ ಅನ್ನೋದು ಲೆಕ್ಕ. ಪಲ್ಪಿಗೂ ಒಂದು ಹಠ ಇರತ್ತೆ. ನೀನು ನಾಲ್ಕು ಕೊಟ್ರೆ ಅದು ಎಳೆದು ಆರಕ್ಕೆ ತರತ್ತೆ.

ಮಗಳು: ಇದು ನಿಮಗೆ ಗೊತ್ತು ಅಂತ ನಂಗೆ ಗೊತ್ತಿರಲಿಲ್ಲ! ರೆಗಲ್‌ಬುಟೊ ಒತ್ತಿ ಒತ್ತಿ ಹೇಳೋದು ಇದನ್ನೇ. ಒಂದು ಗ್ರಾಂ ಸಿಲಿಕಾದ ಮೈ ಹರಡಿದ್ರೆ ನೂರಾರು ಚದರ ಮೀಟರ್. ಅದರ ಮೇಲಿರೋ ಜೋಡಿಗಳು ಒಂದು ಲೋಟ ನೀರಿನ ಪಿ.ಎಚ್.ನ ಸುಲಭವಾಗಿ ಎಳೆದುಹಾಕ್ತವೆ. ಹನ್ನೊಂದು ಇಟ್ಟು ಪುಡಿ ಸುರಿದ್ರೆ ನೋಡನೋಡ್ತಾ ಕೆಳಗಿಳಿಯತ್ತೆ. ಆಗ ಅಯಾನು ಅಂಟಲ್ಲ. ಎಷ್ಟೋ ಜನ ಈ ವಿಧಾನ ನಡೆಯಲ್ಲ ಅಂತ ಕೈಬಿಟ್ಟಿದ್ದು, ಶುರುವಿನ ಪಿ.ಎಚ್. ಬರ್ಕೊಂಡು ಕೊನೆಯದನ್ನ ಬರ್ಕೊಳ್ಳದೆ.

ದೊಡ್ಡಪ್ಪ: ಹಾಗಂತ ಮೇಲೆ ಮೇಲೆ ಸೋಡಾ ಸುರಿಯಕ್ಕೂ ಆಗಲ್ಲ.

ಮಗಳು: ಆಗಲ್ಲ. ಹನ್ನೆರಡರ ಕಡೆ ಹೋದ್ರೆ ಸಿಲಿಕಾನೇ ಕರಗಕ್ಕೆ ಶುರು. ಜೊತೆಗೆ ಸೋಡಿಯಂ ಜಾಸ್ತಿ ಆದಷ್ಟೂ ಆ ಸೆಳೆತಕ್ಕೆ ಅಡ್ಡ ಬರತ್ತೆ.

ದೊಡ್ಡಪ್ಪ: ನಮ್ಮ ಬ್ಯಾಕ್ ವಾಟರಿನ ಕಥೆನೇ, ವೈರಿನಿಂದ ಕೆಳಗಿಳಿದ ನೀರಿನದು. ನೀರುಳಿಸಬೇಕು ಅಂತ ಅದೇ ನೀರನ್ನ ತಿರುಗಿಸಿ ತಿರುಗಿಸಿ ಬಳಸ್ತಾ ಹೋದ್ರೆ ಉಪ್ಪು ಏರಿ, ಹಾಕಿದ್ದು ಯಾವುದೂ ನಾರಿಗೆ ಹಿಡೀತಿರಲಿಲ್ಲ. ನೊರೆ ಬೇರೆ. ಇದಕ್ಕೆಲ್ಲಾ ಪುಸ್ತಕ ಇರಲಿಲ್ಲ, ಹಿಂದಿನ ಶಿಫ್ಟಿನವನು ಹೇಳಿ ಹೋಗ್ತಿದ್ದ. ಈಗ ಮಶೀನೂ ನಿಂತಿದೆ, ಹೇಳೋನೂ ಇಲ್ಲ. ನಿನ್ನ ಪ್ಲಾಟಿನಂ ಅಂಟಿದ್ದು ಕಣ್ಣಿಗೆ ಕಾಣತ್ತಾ?

ಮಗಳು: ಆ ಅಯಾನಿಗೆ ಬಣ್ಣ ಇಲ್ಲ. ತಾಮ್ರದಲ್ಲಿ ತೋರಿಸ್ತೀನಿ. ಅಡಿಕೆಗೆ ಔಷಧಿ ಹೊಡೆಯೋ ಮೈಲುತುತ್ತ ಒಂದು ಚಿಟಿಕೆ ಇದ್ರೆ ಸಾಕು, ಅಮೋನಿಯಾ ನನ್ನ ಹತ್ರ ಇದೆ. ಮೂಗು ದೂರ ಇಟ್ಕೊಳ್ಳಿ.

(ತೋರಿಸಿದಳು. ಗಾಜಿನ ಲೋಟದಲ್ಲಿ ಮೈಲುತುತ್ತ ಕದಡಿದಾಗ ನೀರು ತಿಳಿನೀಲಿ. ಅಮೋನಿಯಾದ ಮೊದಲ ಹನಿಗಳಿಗೆ ಮಜ್ಜಿಗೆಯಂತೆ ಮಬ್ಬಾಗಿ ಒಡೆಯಿತು. ಇನ್ನಷ್ಟು ಹನಿ ಬಿದ್ದ ಮೇಲೆ ಆ ಮಬ್ಬು ಕರಗಿ ಕಡುನೀಲಿ. ಒಂದು ಚಮಚ ಸಿಲಿಕಾ ಪುಡಿ ಹಾಕಿ ಅಲ್ಲಾಡಿಸಿ ಬಿಟ್ಟಳು. ಪುಡಿ ತಳಕ್ಕಿಳಿದಾಗ ನೀಲಿಯಾಗಿತ್ತು, ಮೇಲಿನ ನೀರು ಬಣ್ಣ ಬಿಟ್ಟಿತ್ತು. ನೀರು ಚೆಲ್ಲಿ ಬೇರೆ ನೀರು ಹಾಕಿ ಕಲಕಿದರೂ ಪುಡಿಯ ನೀಲಿ ಅಲ್ಲೇ ಇತ್ತು. ದೊಡ್ಡಪ್ಪ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದ್ದು ಗಿರಾಕಿಯ ಹಾಗಲ್ಲ, ಇನ್‌ಸ್ಪೆಕ್ಟರನ ಹಾಗೆ.)

ದೊಡ್ಡಪ್ಪ: ರಿಟೆನ್ಷನ್ ಚೆನ್ನಾಗಿದೆ. ಇದನ್ನ ಸುಟ್ಟು ಹೈಡ್ರೋಜನ್ ಹಾಯಿಸಿದ್ರೆ ತಾಮ್ರದ ಕಣ?

ಮಗಳು: ಹೌದು. ತಾಮ್ರದಿಂದ ಮೆಥನಾಲ್ ಮಾಡ್ತಾರೆ. 1966ರಲ್ಲಿ ಐ.ಸಿ.ಐ. ಕಂಪನಿ ತಂದ ತಾಮ್ರ-ಸತುವಿನ ಕ್ಯಾಟಲಿಸ್ಟಿನ ದಾರಿಯನ್ನೇ ಪ್ರಪಂಚ ಈಗಲೂ ಹಿಡಿದಿರೋದು.

ದೊಡ್ಡಪ್ಪ: ಮೆಥನಾಲ್ ಈ ಊರಿಗೆ ಹೊಸದಲ್ಲ. ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಇದ್ದಲಿನಿಂದ ಕಬ್ಬಿಣ ತೆಗೀತಿದ್ರು. ಆ ಇದ್ದಲಿಗೆ ಮರವನ್ನ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಬಟ್ಟಿ ಇಳಿಸಿದ್ರೆ ಮೆಥನಾಲ್, ಅಸಿಟಿಕ್ ಆಸಿಡ್ಡು, ಡಾಂಬರು ಎಲ್ಲಾ ಬರ್ತಿತ್ತು. ವಿಶ್ವೇಶ್ವರಯ್ಯನೋರ ಕಾಲದ ಲೆಕ್ಕಾಚಾರ. ಹೊಗೆಯನ್ನೂ ಮಾರೋದು.

ಮಗಳು: ಅದೇ ಮೆಥನಾಲಲ್ಲೂ ಈಗ ಸೋಪಿಲ್ಲದ ಪ್ಲಾಟಿನಂ ಮಾಡ್ತಾರೆ ದೊಡ್ಡಪ್ಪ. ಕೋಪನ್‌ಹೇಗನ್ ಮತ್ತು ಬರ್ನ್‌ನ ಕೆಲವರ ಕೆಲಸ. ಮೆಥನಾಲಿಗೆ ಕ್ಷಾರ ಸೇರಿಸಿ, ಪ್ಲಾಟಿನಂ ಉಪ್ಪು ಹಾಕಿ ಬೆಚ್ಚಗೆ ಮಾಡಿದ್ರೆ, ಮೆಥನಾಲೇ ಉಪ್ಪನ್ನ ಲೋಹಕ್ಕೆ ಇಳಿಸತ್ತೆ. ಎರಡು ನ್ಯಾನೋಮೀಟರಿನ ಕಣಗಳು ಕಂದು ದ್ರವವಾಗಿ ತೇಲ್ತವೆ. ಅಂಟದ ಹಾಗೆ ನೋಡ್ಕೊಳ್ಳೋದು ಮತ್ತೆ ವಿದ್ಯುದಂಶವೇ. ಆಮೇಲೆ ಇಂಗಾಲದ ಪುಡಿ ಹಾಕಿ ಮೆಥನಾಲ್ ಆವಿ ಮಾಡಿದ್ರಾಯ್ತು, ಬೇಗ ಆರೋ ದ್ರವ. ಗ್ಲೈಕಾಲಿನಲ್ಲಿ ಇದನ್ನ ಮೊದಲೇ ಮಾಡ್ತಿದ್ರು, ಅದು ದಪ್ಪ ದ್ರವ, ಹೋಗಕ್ಕೆ ಹಠ ಮಾಡತ್ತೆ. ಹಿಂದೆ ಹೋದ್ರೆ ಫ್ಯಾರಡೇನೇ ಸಿಗ್ತಾರೆ. 1857ರಲ್ಲಿ ರಂಜಕದಿಂದ ಚಿನ್ನದ ಕೆಂಪು ದ್ರವ ಮಾಡಿದ್ರು, ಸೋಪಿಲ್ಲದೆ. ಲಂಡನ್ನಿನಲ್ಲಿ ಅವರ ಬಾಟಲಿ ಇನ್ನೂ ಇದೆ.

ದೊಡ್ಡಪ್ಪ: ನಮ್ಮವರು ಯಾರೂ ಮಾಡಲಿಲ್ವಾ?

ಮಗಳು: ಮಾಡಿದ್ರು, ಪೂರ್ತಿ ಬೇರೆ ದಾರಿಯಲ್ಲಿ. ಬೆಂಗಳೂರಿನ ಐ.ಐ.ಎಸ್ಸಿ.ಯಲ್ಲಿ ಕೆ.ಸಿ. ಪಾಟೀಲರು, ಕಿಂಗ್ಸ್ಲಿಯವರ ಜೊತೆ, 1988ರಲ್ಲಿ. ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಸೇರಿಸಿ ನೀರಲ್ಲಿ ಕಲಸಿ 500 ಡಿಗ್ರಿಯ ಕುಲುಮೆಗೆ ಇಟ್ರೆ, ಕುದ್ದು, ಉಬ್ಬಿ, ನೊರೆ ಎದ್ದು, ಭಗ್ ಅಂತ ಹೊತ್ಕೊಳತ್ತೆ. ಜ್ವಾಲೆ 1500 ಡಿಗ್ರಿ ದಾಟತ್ತೆ. ಕೆಲವೇ ನಿಮಿಷ, ಪಾತ್ರೆ ತುಂಬಾ ಹಗುರ ಬಿಳೀ ಪುಡಿ. ಹೊಲಕ್ಕೆ ಹಾಕೋ ಯೂರಿಯಾನೇ ಇಂಧನ. ದುಬಾರಿ ಯಂತ್ರ ಬೇಡ ಅನ್ನೋ ಕಾರಣಕ್ಕೆ ಈ ದಾರಿ ಕರ್ನಾಟಕದ ಸಣ್ಣ ಕಾಲೇಜುಗಳ ಲ್ಯಾಬಿಗೂ ತಲುಪಿತು.

ದೊಡ್ಡಪ್ಪ: ಅಷ್ಟು ಶಾಖಕ್ಕೆ ನಿನ್ನ ಎರಡು ನ್ಯಾನೋಮೀಟರ್ ಉಳಿಯತ್ತಾ?

ಮಗಳು: ಉಳಿಯಬಾರ್ದು ನ್ಯಾಯವಾಗಿ. ಅದೇ ಐ.ಐ.ಎಸ್ಸಿ.ಯ ಎಂ.ಎಸ್. ಹೆಗಡೆಯವರು, ಗಿರಿಧರ್ ಮದ್ರಾಸ್ ಅವರು ಅದರಲ್ಲೇ ಒಂದು ಚಮತ್ಕಾರ ಕಂಡ್ರು. ಸೀರಿಯಂ ಉಪ್ಪಿನ ಜೊತೆ ನೂರಕ್ಕೆ ಒಂದೆರಡರಷ್ಟು ಪೆಲಾಡಿಯಂ ಸೇರಿಸಿ ಹೀಗೇ ಉರಿಸಿದ್ರೆ ಪೆಲಾಡಿಯಂ ಕಣವೇ ಆಗಲ್ಲ. ಅಯಾನಾಗೇ ಸೀರಿಯಂ ಆಕ್ಸೈಡಿನ ಹರಳಿನೊಳಗೆ, ಸೀರಿಯಂ ಇರಬೇಕಾದ ಜಾಗದಲ್ಲಿ ಕೂತುಬಿಡತ್ತೆ. ಕಾರಿನ ಹೊಗೆಯ ಇಂಗಾಲದ ಮಾನಾಕ್ಸೈಡನ್ನ ಸುಡೋ ಕೆಲಸ ಆ ಅಯಾನೇ ಮಾಡತ್ತೆ ಅಂತ ಅವರ ವಾದ.

ದೊಡ್ಡಪ್ಪ: ಕಣವೇ ಇಲ್ಲ ಅಂದ್ಮೇಲೆ ಒಳಗೆ ಕೂತು ಸಂಬಳ ತಗೊಳೋ ಪರಮಾಣೂ ಇಲ್ಲ.

ಮಗಳು: ಕೆಲವು ಹರಳಿನ ಆಳದಲ್ಲಿ ಸಿಕ್ಕಿಕೊಳ್ತವೆ, ಅದು ಇದ್ದೇ ಇದೆ. ಆದ್ರೂ ನನಗೆ ಕೇಳಿದ್ರೆ ಈ ಇಡೀ ಕಥೆಯಲ್ಲಿ ಧೈರ್ಯದ ಹೆಜ್ಜೆ ಅದೇ. ಸಣ್ಣದು ಮಾಡ್ತಾ ಮಾಡ್ತಾ ಕಣವನ್ನೇ ಕೈಬಿಟ್ಟಿದ್ದು.

ದೊಡ್ಡಪ್ಪ: ಪೇಪರಲ್ಲಿ ಆಗಾಗ ಬರತ್ತಲ್ಲ, ಯಾವುದೋ ಎಲೆಯ ರಸದಿಂದ ಬೆಳ್ಳಿ ಕಣ ಮಾಡಿದ್ರು, ಹಸಿರು ವಿಧಾನ ಅಂತ. ಅದೂ ಸೋಪಿಲ್ಲದ್ದೇ?

ಮಗಳು: ಅಲ್ಲ. ಇದು ನನ್ನ ಜಗಳ. ಅಡಿಕೆ ಬೇಯಿಸಿದ ಚೊಗರು ತಗೊಳ್ಳಿ. ಅದರ ಟ್ಯಾನಿನ್ನು ಬೆಳ್ಳಿ ಉಪ್ಪನ್ನ ಲೋಹಕ್ಕೆ ಇಳಿಸತ್ತೆ, ನಿಜ. ಇಳಿಸಿ ಅದೇ ಲೋಹದ ಮೈಗೆ ಮೆತ್ಕೊಳತ್ತೆ. ಅಡಿಕೆಗೆ ಹೊಳಪು ಕೊಡೋ ಗುಣಾನೇ ಅದು. ಬಾಟಲಿಯ ಪಿ.ವಿ.ಪಿ. ಬದಲು ತೋಟದ ಪಿ.ವಿ.ಪಿ. ಬಂದಂಗಾಯ್ತು. ಔಷಧಿಗೋ ಇನ್ನೊಂದಕ್ಕೋ ಇರಲಿ, ಕ್ಯಾಟಲಿಸ್ಟಿಗೆ ಬಂದು ಸೋಪಿಲ್ಲ ಅಂದ್ರೆ ಒಪ್ಪಲ್ಲ.

(ಚೊಗರಿನ ಮಾತಿನಿಂದ ಈ ವರ್ಷದ ಅಡಿಕೆ ರೇಟಿಗೆ ಇಬ್ಬರೂ ಹೋಗಿ ಬಂದರು. ಶಿವಮೊಗ್ಗ ಸೀಮೆಯಲ್ಲಿ ಅದು ತಪ್ಪದ ಸುತ್ತು. ಇಲ್ಲಿ ಬಿಟ್ಟಿದ್ದೇನೆ.)

ದೊಡ್ಡಪ್ಪ: ಕೊಳೆ ಯಾವಾಗ್ಲೂ ಕೆಟ್ಟದ್ದೇ ಅಂತಾನಾ? ನಮ್ಮ ರೋಸಿನ್ ಸೋಪು ಉಳಿದ್ರೇ ಕಾಗದ.

ಮಗಳು: ಯಾವಾಗ್ಲೂ ಅಲ್ಲ. ಲಿಂಡ್ಲರ್ ಅಂತ ಒಬ್ಬರು 1952ರಲ್ಲಿ ಪೆಲಾಡಿಯಂಗೆ ಬೇಕಂತಲೇ ಸೀಸದ ವಿಷ ಹಾಕಿದ್ರು. ಪೂರ್ತಿ ಚುರುಕಿದ್ರೆ ಅದು ಬೇಡದ ಕಡೆಗೂ ಹೈಡ್ರೋಜನ್ ಸೇರಿಸತ್ತೆ, ಮಂಕಾದ್ರೆ ಬೇಕಾದಲ್ಲಿ ನಿಲ್ಲಿಸತ್ತೆ. ವಿಟಮಿನ್ ತಯಾರಿಕೆಗೆ ಅದೇ ಬೇಕಿತ್ತು. ಆದ್ರೆ ಅದು ಗೊತ್ತಿದ್ದು ಹಾಕಿದ ಕೊಳೆ. ಗೊತ್ತಿಲ್ಲದೆ ಉಳಿದ ಸೋಪು ಬೇರೆ. ಅದು ಇದ್ರೆ ಲೋಹ ಎಷ್ಟು ಕೆಲಸ ಮಾಡ್ತು, ಸೋಪು ಎಷ್ಟು ತಡೀತು, ಲೆಕ್ಕ ಹೇಳಕ್ಕೇ ಆಗಲ್ಲ.

ದೊಡ್ಡಪ್ಪ: ಕೆಲಸ ಮಾಡ್ತು ಅಂತ ಹೆಂಗೆ ನೋಡ್ತೀರಿ?

ಮಗಳು: ಸುಲಭದ್ದು ಒಂದಿದೆ. ನೈಟ್ರೋಫೀನಾಲ್ ಅಂತ, ಕ್ಷಾರದಲ್ಲಿ ಅರಿಶಿನದ ಹಳದಿ. ಸೋಡಿಯಂ ಬೋರೋಹೈಡ್ರೈಡ್ ಹಾಕಿದ್ರೂ ಸುಮ್ನೆ ಹಳದಿಯಾಗೇ ಇರತ್ತೆ. ಒಂದು ಚೂರು ಕ್ಯಾಟಲಿಸ್ಟ್ ಬಿದ್ದ ತಕ್ಷಣ ಸಣ್ಣ ಗುಳ್ಳೆ ಏಳ್ತಾ ಹಳದಿ ಇಳಿದು ನೀರಾಗತ್ತೆ. ಎಷ್ಟು ಹೊತ್ತಲ್ಲಿ ಇಳೀತು ಅನ್ನೋದೇ ಅಳತೆ. ಎಲ್ಲರೂ ಇದನ್ನೇ ಮಾಡ್ತಾರೆ, ಒಂದು ಸಲ ಮಾಡಿ ಗೆದ್ದೆವು ಅಂತಾರೆ. ನಾನು ಅದೇ ಪುಡಿಯನ್ನ ಸೋಸಿ ಮತ್ತೆ ಮತ್ತೆ ಹಾಕಿ ನೋಡ್ತೀನಿ. ಪುಡಿ ತೆಗೆದ ಮೇಲೂ ಬರೀ ನೀರು ಕೆಲಸ ಮುಂದುವರಿಸಿದ್ರೆ ಲೋಹ ಬಿಟ್ಟುಬಂದಿದೆ ಅಂತ ಅರ್ಥ.

ದೊಡ್ಡಪ್ಪ: ಮುಂದಿನ ಅಧ್ಯಾಯ ಏನು?

ಮಗಳು: ಸಿಲಿಕಾ ಬದಲು ಅಡಿಕೆ ಸಿಪ್ಪೆ ಸುಟ್ಟು ಮಾಡಿದ ಇಂಗಾಲ. ತೊಡಕೆಂದ್ರೆ ಋಣವೂ ಧನವೂ ಅಲ್ಲದ ಆ ನಡುವಿನ ಪಿ.ಎಚ್. ಇಂಗಾಲಕ್ಕೆ ಇಷ್ಟೇ ಅಂತ ಇಲ್ಲ. ಆಸಿಡ್ಡಲ್ಲಿ ತೊಳೆದು ಮೈ ಉತ್ಕರ್ಷಿಸಿದ್ರೆ ಅದರ ನಡುಬಿಂದು ಎರಡು-ಮೂರಕ್ಕೆ ಬೀಳತ್ತೆ, ಇಲ್ಲಾಂದ್ರೆ ಎಂಟು-ಒಂಬತ್ತರ ಕಡೆ ಇರತ್ತೆ. ನನ್ನ ಸಿಪ್ಪೆಯದು ಎಲ್ಲಿದೆಯೋ.

ದೊಡ್ಡಪ್ಪ: ಅದನ್ನೇ ಕೇಳು.

ಮಗಳು: ಯಾವುದನ್ನ?

ದೊಡ್ಡಪ್ಪ: ಪುಡಿಯನ್ನ. ಹಠ ಇದೆ ಅಂದ್ಯಲ್ಲ. ಸಾಲಾಗಿ ಲೋಟ ಇಡು, ಒಂದರಲ್ಲಿ ಎರಡು, ಒಂದರಲ್ಲಿ ನಾಲ್ಕು, ಹೀಗೆ ಹನ್ನೆರಡರ ತನಕ. ನೀರು ಕಮ್ಮಿ, ಪುಡಿ ಜಾಸ್ತಿ, ಗಂಜಿಯ ಹಾಗೆ. ಒಂದು ಗಂಟೆ ಬಿಟ್ಟು ನೋಡು. ನೀನು ಏನೇ ಇಟ್ಟಿರು, ಎಲ್ಲವನ್ನೂ ಎಳೆದು ಒಂದೇ ಅಂಕಿಗೆ ತಂದಿರತ್ತಲ್ಲ, ಅದೇ ಅದರ ಪಿ.ಎಚ್.

ಮಗಳು: ಎರಡೂ ತುದಿಯ ಲೋಟ ಬಿಟ್ಟು ನಡುವಿನವೆಲ್ಲಾ ಒಂದೇ ಕಡೆ ಬರ್ತವೆ. ಹೌದು, ವಿಧಾನ ಅದೇ. ಪ್ರಬಂಧಗಳಲ್ಲಿ ಗ್ರಾಫ್ ಹಾಕಿ ಬರೆದಿದಾರೆ.

ದೊಡ್ಡಪ್ಪ: ಗ್ರಾಫ್ ನೀನು ಹಾಕು. ನೀರು ಎಲ್ಲಿಂದ ತರ್ತೀಯ? ನಲ್ಲಿಯದು ಹಾಕಬೇಡ, ಭದ್ರಾ ನೀರಿಗೂ ಅದರದೇ ಹಠ ಇದೆ. ಡಿಸ್ಟಿಲ್ಡ್ ತಗೋ, ಅದರಲ್ಲೂ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿರತ್ತೆ, ಮೊದಲು ಕುದಿಸಿ ಆರಿಸು. ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ಇದ್ದೇ ಇರತ್ತೆ, ಅದನ್ನ ತೊಳೆದಿದೀಯಾ?

ಮಗಳು: ಮೂರು ನೀರಲ್ಲಿ.

ದೊಡ್ಡಪ್ಪ: ತೊಳೆದ ನೀರಿನ ಪಿ.ಎಚ್. ನೋಡಿದ್ಯಾ? ಕೊನೇ ನೀರಿನದು. ಅದು ಇಳಿಯೋದು ನಿಲ್ಲೋ ತನಕ ತೊಳಿ, ಆಮೇಲೆ ಲೋಟ ಇಡು.